ಹರಳಿನ ಗಾತ್ರವನ್ನೂ ಕೇಳು

ಮಗೂ,

ಜಿರ್ಕೋನಿಯಾ ಪುಡಿ ಮಾಡಿದ್ದೀಯ, ಎಕ್ಸ್-ಕಿರಣ ವಿವರ್ತನೆ (ಎಕ್ಸ್‌ಆರ್‌ಡಿ) ತೆಗೆಸಿದ್ದೀಯ, ಬಂದ ನಕ್ಷೆ ಪುಸ್ತಕಕ್ಕೆ ಹೊಂದುತ್ತಿಲ್ಲ ಎಂದು ಬರೆದಿದ್ದೀಯ. ಕೋಣೆಯ ತಾಪಮಾನದಲ್ಲಿ ಮಾನೋಕ್ಲಿನಿಕ್ ರೂಪ ಇರಬೇಕು ಎನ್ನುತ್ತದೆ ಪುಸ್ತಕ. ನಿನಗೆ ಸಿಕ್ಕಿರುವುದು ಟೆಟ್ರಗೋನಲ್. ಎಲ್ಲಿ ತಪ್ಪಾಯಿತು ಎಂದು ಕೇಳಿದ್ದೀಯ. ತಪ್ಪು ಹುಡುಕಲು ಹೊರಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೋ: ನಿನ್ನ ಹರಳು ಎಷ್ಟು ದೊಡ್ಡದು?

ಪುಸ್ತಕದಲ್ಲಿರುವ ಪ್ರಾವಸ್ಥಾ ನಕ್ಷೆಗಳೆಲ್ಲ ದೊಡ್ಡ ಹರಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಜಿರ್ಕೋನಿಯಾ ಸುಮಾರು 1170 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾನೋಕ್ಲಿನಿಕ್, ಅಲ್ಲಿಂದ ಸುಮಾರು 2370ರವರೆಗೆ ಟೆಟ್ರಗೋನಲ್, ಆಮೇಲೆ ಕರಗುವ ತನಕ ಕ್ಯೂಬಿಕ್. ತಣಿಯುವಾಗ ಟೆಟ್ರಗೋನಲ್ ರೂಪ ಮಾನೋಕ್ಲಿನಿಕ್ ಆದರೆ ಅದರ ಗಾತ್ರ ಶೇಕಡಾ 4ರಿಂದ 5ರಷ್ಟು ಹಿಗ್ಗುತ್ತದೆ. ಶುದ್ಧ ಜಿರ್ಕೋನಿಯಾದಿಂದ ಒಂದು ಬಿಲ್ಲೆ ಮಾಡಿ ಸುಟ್ಟು ಕುಲುಮೆಯಿಂದ ತೆಗೆದರೆ ಅದು ಬಿರುಕು ಬಿಟ್ಟು ಚೂರಾಗುವುದು ಈ ಹಿಗ್ಗುವಿಕೆಯಿಂದಲೇ. ಇದೆಲ್ಲ ಸರಿಯಾದ ಮಾತು. ಆದರೆ 1965ರಲ್ಲಿ ಗಾರ್ವಿ ಎಂಬ ವಿಜ್ಞಾನಿ ಇದರ ಪಕ್ಕಕ್ಕೆ ಇನ್ನೊಂದು ಮಾತು ಸೇರಿಸಿದರು. ಹರಳು ಸುಮಾರು 30 ನ್ಯಾನೋಮೀಟರ್‌ಗಿಂತ ಚಿಕ್ಕದಾಗಿದ್ದರೆ ಟೆಟ್ರಗೋನಲ್ ರೂಪ ಕೋಣೆಯ ತಾಪಮಾನದಲ್ಲೂ ಉಳಿಯುತ್ತದೆ. ಬೇರೆ ಏನನ್ನೂ ಬೆರೆಸಬೇಕಾಗಿಲ್ಲ, ಚಿಕ್ಕದಾಗಿದ್ದರೆ ಸಾಕು ಎಂದರು. ಹಾಗಾಗಿ ನಿನ್ನ ನಕ್ಷೆ ತಪ್ಪಾಗಿರಬೇಕೆಂದೇನೂ ಇಲ್ಲ. ನೀನು ಹಿಡಿದಿರುವ ಪುಸ್ತಕದ ಪುಟ ಬೇರೆ ಗಾತ್ರದ ಹರಳಿನದು, ಅಷ್ಟೆ.

ಇದು ಏಕೆ ಹೀಗೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟರೆ ಮುಂದಿನದೆಲ್ಲ ಹಗುರ. ಹತ್ತು ಎಕರೆ ಹೊಲ ಕೊಳ್ಳುವವರು ಮಣ್ಣು ನೋಡುತ್ತಾರೆ, ಬೇಲಿಯ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅರ್ಧ ಗುಂಟೆ ಹಿತ್ತಲಾದರೆ ಬೇಲಿಯ ಖರ್ಚೇ ನೆಲದ ಬೆಲೆಯನ್ನು ಮೀರಬಹುದು. ಆಗ ಮಣ್ಣು ತುಸು ಸಪ್ಪೆಯಾದರೂ ಬೇಲಿ ಅಗ್ಗವಾಗುವ ಜಾಗವೇ ಲಾಭ. ಹರಳಿಗೂ ಒಂದು ಒಳನೆಲವಿದೆ, ಒಂದು ಬೇಲಿಯಿದೆ. ಒಳಗಿರುವ ಪರಮಾಣುಗಳಿಗೆ ಸುತ್ತಲೂ ಜೊತೆಗಾರರು. ಮೇಲ್ಮೈಯಲ್ಲಿರುವವುಗಳಿಗೆ ಒಂದು ಕಡೆ ಬಯಲು. ಆ ಕೊರತೆಗೆ ತೆರಬೇಕಾದ ಬೆಲೆಯೇ ಮೇಲ್ಮೈ ಶಕ್ತಿ. ಜಿರ್ಕೋನಿಯಾದ ಒಳನೆಲಕ್ಕೆ ಮಾನೋಕ್ಲಿನಿಕ್ ರೂಪ ಅಗ್ಗ. ಮೇಲ್ಮೈಗೆ ಟೆಟ್ರಗೋನಲ್ ಅಗ್ಗ: ಗಾರ್ವಿ ಲೆಕ್ಕಕ್ಕೆ ಹಿಡಿದದ್ದು ಚದರ ಮೀಟರಿಗೆ ಮಾನೋಕ್ಲಿನಿಕ್‌ಗೆ 1.13 ಜೂಲ್, ಟೆಟ್ರಗೋನಲ್‌ಗೆ 0.77 ಜೂಲ್. ಹರಳು ಚಿಕ್ಕದಾದಂತೆ ಮೇಲ್ಮೈಯ ಪಾಲು ಏರುತ್ತದೆ. ಜಿರ್ಕೋನಿಯಾದ ಸಾಂದ್ರತೆಯನ್ನು ಘನ ಸೆಂಟಿಮೀಟರಿಗೆ 6 ಗ್ರಾಂ ಎಂದು ಹಿಡಿದು ನೀನೇ ಲೆಕ್ಕ ಹಾಕಿ ನೋಡು. ಒಂದು ಮೈಕ್ರಾನ್ ಹರಳುಗಳ ಒಂದು ಗ್ರಾಂ ಪುಡಿಗೆ ಮೇಲ್ಮೈ ಒಂದು ಚದರ ಮೀಟರ್. ಹತ್ತು ನ್ಯಾನೋಮೀಟರ್ ಹರಳುಗಳಾದರೆ ಅದೇ ಒಂದು ಗ್ರಾಮಿಗೆ ನೂರು ಚದರ ಮೀಟರ್. ಒಂದು ಚಿಟಿಕೆ ಪುಡಿಯಲ್ಲಿ ಒಂದು ಮನೆಯ ನೆಲದಷ್ಟು ಮೇಲ್ಮೈ ಅಡಗಿದೆ ಎಂದಾಗ, ಯಾವ ರೂಪ ಉಳಿಯಬೇಕೆಂಬ ತೀರ್ಮಾನ ಆ ಮೇಲ್ಮೈಯ ಕೈಗೆ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಆದ್ದರಿಂದ ತಾಪಮಾನ, ಒತ್ತಡಗಳ ಸಾಲಿನಲ್ಲೇ ಗಾತ್ರವನ್ನೂ ಕೂರಿಸು. ನೋಟ್‌ಬುಕ್ಕಿನಲ್ಲಿ ಪದಾರ್ಥದ ಹೆಸರು ಬರೆದ ಕೂಡಲೇ, ಎಷ್ಟು ಡಿಗ್ರಿ ಎಂದು ಬರೆಯುವ ಹಾಗೆಯೇ, ಎಷ್ಟು ನ್ಯಾನೋಮೀಟರ್ ಎಂದೂ ಬರೆ.

ಟೈಟಾನಿಯಾದ ಕಥೆಯನ್ನು ನೀನು ಚೆನ್ನಾಗಿ ಓದಿಕೊಳ್ಳಬೇಕು. ಬಿಳಿ ಬಣ್ಣದ ಡಬ್ಬಿಯಿಂದ ಹಿಡಿದು ಬೆಳಕಿನಲ್ಲಿ ಕೊಳೆ ಕಳೆಯುವ ಗಾಜಿನವರೆಗೆ ಇರುವ ಪದಾರ್ಥ ಅದು. ಅದರ ಮೂರು ರೂಪಗಳು ರೂಟೈಲ್, ಅನಟೇಸ್, ಬ್ರೂಕೈಟ್. ದೊಡ್ಡ ಹರಳಿನಲ್ಲಿ ರೂಟೈಲ್ ಒಂದೇ ಸ್ಥಿರ. ಅನಟೇಸ್ ಬಿಸಿ ಮಾಡಿದರೆ ರೂಟೈಲ್ ಆಗುತ್ತದೆ, ತಣಿಸಿದರೆ ಮರಳಿ ಬರುವುದಿಲ್ಲ. ಈ ಬದಲಾವಣೆಯನ್ನು ಮೊದಮೊದಲು ಕಟ್ಟುನಿಟ್ಟಾಗಿ ಅಳೆದವರಲ್ಲಿ ನಮ್ಮ ಸಿ. ಎನ್. ಆರ್. ರಾವ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರಿನ್ನೂ ಯುವ ಅಧ್ಯಾಪಕರಾಗಿದ್ದ ಕಾಲ ಅದು. ಅತಿ ಶುದ್ಧ ಅನಟೇಸ್ 610 ಡಿಗ್ರಿಗಿಂತ ಕೆಳಗೆ ಅಳೆಯಲಾಗದಷ್ಟು ನಿಧಾನವಾಗಿ, 730ರ ಮೇಲೆ ಬಹಳ ವೇಗವಾಗಿ ಬದಲಾಗುತ್ತದೆ ಎಂದು 1961ರಲ್ಲಿ ಬರೆದರು. ಆ ವೇಗವನ್ನು ಏನೇನು ಏರಿಸುತ್ತದೆ, ಏನೇನು ಇಳಿಸುತ್ತದೆ ಎಂಬುದರ ಮೇಲೆ ಯೋಗನರಸಿಂಹನ್ ಅವರ ಜೊತೆಗೂಡಿ ಮರುವರ್ಷ ಇನ್ನೊಂದು ಲೇಖನ ಬಂತು. ಹಳೆಯ ಲೇಖನ ಎಂದು ಪಕ್ಕಕ್ಕಿಡಬೇಡ. ಮಾದರಿಯ ಶುದ್ಧತೆಯ ಬಗ್ಗೆ ಆ ಕಾಲದವರಿಗಿದ್ದ ಮಡಿ ನಮಗೂ ಬೇಕು.

ಅನಟೇಸ್ ಅಸ್ಥಿರ ರೂಪ ಎಂಬ ಮಾತು ಬಹಳ ಕಾಲ ಹಾಗೆಯೇ ನಡೆಯಿತು. ಆದರೂ ಒಂದು ಒಗಟು ಉಳಿದಿತ್ತು. ದ್ರಾವಣದಿಂದ ಟೈಟಾನಿಯಾ ಇಳಿಸಿದಾಗ ಸಾಮಾನ್ಯವಾಗಿ ಮೊದಲು ಬರುವುದು ಅನಟೇಸ್. ಸ್ಥಿರವಾದ ರೂಪ ಬಿಟ್ಟು ಅಸ್ಥಿರವಾದದ್ದೇ ಮೊದಲು ಹುಟ್ಟುವುದೇಕೆ? 1997–98ರಲ್ಲಿ ಬ್ಯಾನ್‌ಫೀಲ್ಡ್ ಮತ್ತು ಸಂಗಡಿಗರು ಕೊಟ್ಟ ಉತ್ತರ ನನಗೆ ಇವತ್ತಿಗೂ ಮೈ ನವಿರೇಳಿಸುತ್ತದೆ. ಪ್ರತಿಯೊಂದು ಹರಳೂ ಹುಟ್ಟುವಾಗ ಚಿಕ್ಕದೇ. ಆ ಗಾತ್ರದಲ್ಲಿ ಅನಟೇಸ್ ಅಸ್ಥಿರವೇ ಅಲ್ಲ, ಅದೇ ಸ್ಥಿರ ರೂಪ. ಅವರ ಲೆಕ್ಕದಲ್ಲಿ ಗಡಿ ಸುಮಾರು 14 ನ್ಯಾನೋಮೀಟರ್. ಹರಳು ಬೆಳೆಯುತ್ತಾ ಆ ಗಡಿ ದಾಟಿದಾಗ ನೆಲೆ ರೂಟೈಲ್‌ಗೆ ಹೋಗುತ್ತದೆ. ಕುಲುಮೆಯಲ್ಲಿ ನೀನು ಪುಡಿಯನ್ನು ಬಿಸಿ ಮಾಡುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುತ್ತವೆ, ತಾಪಮಾನ ಏರುವುದು ಮತ್ತು ಹರಳು ಬೆಳೆಯುವುದು. ಬದಲಾವಣೆ ತಾಪಮಾನದಿಂದ ಆಯಿತು ಎಂದು ಬರೆಯುವ ಮೊದಲು ಬೆಳವಣಿಗೆಯಿಂದ ಆಯಿತೇ ಎಂದು ನೋಡು. ಬಹಳ ಸಲ ಎರಡನೆಯದೇ ನಿಜವಾದ ಕಾರಣ.

ಹಾಗೆಂದು 14 ಎಂಬ ಅಂಕಿಯನ್ನು ಬಾಯಿಪಾಠ ಮಾಡಬೇಡ. 2002ರಲ್ಲಿ ನವ್ರೋಟ್‌ಸ್ಕಿ ಅವರ ತಂಡ ಈ ಪುಡಿಗಳ ಶಾಖವನ್ನು ಕ್ಯಾಲೊರಿಮೀಟರಿನಲ್ಲಿ ನೇರವಾಗಿ ಅಳೆಯಿತು. ಮೇಲ್ಮೈಗೆ ಚದರ ಮೀಟರಿಗೆ ರೂಟೈಲ್ 2.2 ಜೂಲ್, ಬ್ರೂಕೈಟ್ 1.0, ಅನಟೇಸ್ 0.4. ಆ ಅಳತೆಯ ಪ್ರಕಾರ ಸುಮಾರು 40 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದರೆ ಅನಟೇಸ್, 40ರಿಂದ 200ರ ನಡುವೆ ಬ್ರೂಕೈಟ್, ಅದಕ್ಕಿಂತ ದೊಡ್ಡದಾದರೆ ರೂಟೈಲ್. 14 ಎಲ್ಲಿ, 40 ಎಲ್ಲಿ! ಯಾರೋ ಒಬ್ಬರು ಸುಳ್ಳು ಎಂದು ನಿನ್ನ ವಯಸ್ಸಿನಲ್ಲಿ ಅನ್ನಿಸುವುದು ಸಹಜ. ಹಾಗಲ್ಲ. ಮೇಲ್ಮೈ ಎಂದರೆ ಬರಿಯ ಮೇಲ್ಮೈ ಅಲ್ಲ. ಅದರ ಮೇಲೆ ನೀರಿನ ಅಣುಗಳು ಕೂತಿರುತ್ತವೆ, ಹರಳಿನ ಆಕಾರ ಬೇರೆ ಬೇರೆ ಇರುತ್ತದೆ, ಯಾವ ಮುಖ ಎಷ್ಟು ತೆರೆದಿದೆ ಎಂಬುದು ತಯಾರಿಸಿದ ವಿಧಾನದ ಮೇಲೆ ನಿಲ್ಲುತ್ತದೆ. ಒಂದರಲ್ಲಿ ಮಾದರಿ ಕಟ್ಟಿ ಹಾಕಿದ ಲೆಕ್ಕ, ಇನ್ನೊಂದರಲ್ಲಿ ಶಾಖದ ಅಳತೆ. ಗಡಿಯ ಗಾತ್ರ ಕರಗುವ ಬಿಂದುವಿನಂತೆ ಪದಾರ್ಥದ ಹಣೆಯ ಮೇಲೆ ಬರೆದಿರುವ ಅಂಕಿ ಅಲ್ಲ. ನಿನ್ನ ಪುಡಿಗೆ, ನಿನ್ನ ವಿಧಾನಕ್ಕೆ, ನಿನ್ನ ಹವೆಗೆ ಅದು ಎಷ್ಟು ಎಂಬುದನ್ನು ನೀನೇ ಅಳೆಯಬೇಕು.

ಅಲ್ಯೂಮಿನಾದಲ್ಲೂ ಇದೇ ನಡೆ. 1997ರಲ್ಲಿ ಇದೇ ನವ್ರೋಟ್‌ಸ್ಕಿ ಮತ್ತು ಸಂಗಡಿಗರು, ಗ್ರಾಮಿಗೆ ಸುಮಾರು 125 ಚದರ ಮೀಟರಿಗಿಂತ ಹೆಚ್ಚು ಮೇಲ್ಮೈ ಇದ್ದರೆ ಗ್ಯಾಮಾ ರೂಪವೇ ಆಲ್ಫಾಗಿಂತ ಸ್ಥಿರ ಎಂದು ತೋರಿಸಿದರು. ವೇಗವರ್ಧಕಗಳನ್ನು ಹೊರುವ ಗ್ಯಾಮಾ ಅಲ್ಯೂಮಿನಾ ಅಷ್ಟು ಕಾಲ ಬಾಳುವುದಕ್ಕೆ ಇದೂ ಒಂದು ಕಾರಣ. ಕೆಲವು ರೂಪಗಳಂತೂ ಚಿಕ್ಕ ಹರಳಿನಲ್ಲಿ ಬಿಟ್ಟರೆ ಕಾಣುವುದೇ ಅಪರೂಪ. ಕಬ್ಬಿಣದ ಆಕ್ಸೈಡಿನ ಎಪ್ಸಿಲಾನ್ ರೂಪ ಹಾಗೆ. ಚೀನಾದ ಸಾಂಗ್ ಕಾಲದ ಕಪ್ಪು ಜಿಯಾನ್ ಬಟ್ಟಲುಗಳ ಹೊಳಪಿನ ಪದರದಲ್ಲಿ ಅದು ಇದೆಯೆಂದು 2014ರಲ್ಲಿ ಗೊತ್ತಾಯಿತು. ಹೆಸರು ತಿಳಿಯದ ಕುಂಬಾರರು ಸಾವಿರ ವರ್ಷದ ಹಿಂದೆ ತಮ್ಮ ಗೂಡಿನಲ್ಲಿ ಮಾಡಿಟ್ಟದ್ದನ್ನು ನಾವು ಈಗ ಲ್ಯಾಬಿನಲ್ಲಿ ಶ್ರಮಪಟ್ಟು ಮಾಡುತ್ತಿದ್ದೇವೆ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಸಣ್ಣ ಹರಳಿನಲ್ಲಿ ಅನಿರೀಕ್ಷಿತ ರೂಪ ಕಂಡಾಗ ಗಾತ್ರದ ಪರಿಣಾಮ ಎಂದು ಬರೆದು ಸಮಾಧಾನಪಟ್ಟುಕೊಳ್ಳುವವರು ಬಹಳ. ಅಲ್ಲಿಗೆ ನಿಲ್ಲಬೇಡ. ಆ ರೂಪ ಅಲ್ಲಿ ಇರುವುದು ಅದೇ ಅದರ ನೆಲೆ ಎಂದೋ, ಅಥವಾ ಹೊರಡಲು ದಾರಿ ಸಿಗಲಿಲ್ಲ ಎಂದೋ? ಇವೆರಡೂ ಬೇರೆ ಬೇರೆ ಸಂಗತಿಗಳು. ಜಿರ್ಕೋನಿಯಾದ ಬಗ್ಗೆಯೇ ಈ ಜಗಳ ನಡೆದಿದೆ. ಗಾರ್ವಿ ಮೇಲ್ಮೈ ಶಕ್ತಿ ಎಂದರು. 1982ರಲ್ಲಿ ಹ್ಯೂಯರ್ ಮತ್ತು ಸಂಗಡಿಗರು, ಬೇರೊಂದು ಸೆರಾಮಿಕ್‌ನೊಳಗೆ ಹುದುಗಿದ ಜಿರ್ಕೋನಿಯಾ ಕಣಗಳಲ್ಲಿ ಬದಲಾವಣೆ ಶುರುವಾಗುವುದೇ ಕಷ್ಟ, ಅದಕ್ಕೇ ಅವು ಉಳಿದಿವೆ ಎಂದು ವಾದಿಸಿದರು.

ಶುರುವಾಗುವ ಕಷ್ಟ ಎಂದರೆ ಏನು ಎಂಬುದು ವೆನೇಡಿಯಂ ಡೈಆಕ್ಸೈಡಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಮೋರಿನ್ 1959ರಲ್ಲಿ ಗುರುತಿಸಿದ್ದು: ಸುಮಾರು 68 ಡಿಗ್ರಿಯಲ್ಲಿ ಅದು ವಿದ್ಯುತ್ತನ್ನು ತಡೆಯುವ ರೂಪದಿಂದ ಲೋಹದಂಥ ರೂಪಕ್ಕೆ ಹಾರುತ್ತದೆ, ಹರಳಿನ ರಚನೆಯೂ ಜೊತೆಗೇ ಬದಲಾಗುತ್ತದೆ. ಅದನ್ನು ಸಿಲಿಕಾದೊಳಗೆ ನ್ಯಾನೋ ಹರಳುಗಳಾಗಿ ಹುದುಗಿಸಿ ನೋಡಿದ ಲೋಪೆಜ್ ಮತ್ತು ಸಂಗಡಿಗರು 2001–02ರಲ್ಲಿ ಒಂದು ವಿಚಿತ್ರ ಕಂಡರು. ಕಾಯಿಸುವಾಗ ಬದಲಾಗುವ ತಾಪಮಾನ ಮೇಲೆ ಹೋಯಿತು, ತಣಿಸುವಾಗ ಮರಳುವ ತಾಪಮಾನ ಕೆಳಗೆ ಇಳಿಯಿತು; ಎರಡರ ನಡುವಿನ ಅಂತರ ಹತ್ತಾರು ಡಿಗ್ರಿಗೆ ಹಿಗ್ಗಿತು. ಕಾರಣ ಸರಳ. ಬದಲಾವಣೆ ಹರಳಿನ ಯಾವುದೋ ಒಂದು ದೋಷದ ಬಳಿ ಆರಂಭವಾಗಬೇಕು. ದೊಡ್ಡ ಹರಳಿನಲ್ಲಿ ಅಂಥ ಜಾಗಗಳು ಬೇಕಾದಷ್ಟು. ಹರಳು ಚಿಕ್ಕದಾದಂತೆ ಅದರಲ್ಲಿ ಒಂದೂ ಇಲ್ಲದಿರುವ ಸಾಧ್ಯತೆ ಹೆಚ್ಚು. ಇಲ್ಲಿ ಯಾವ ರೂಪ ಸ್ಥಿರ ಎಂಬುದು ಬದಲಾಗಿಲ್ಲ, ಹೊಸ್ತಿಲು ಎತ್ತರವಾಗಿದೆ ಅಷ್ಟೆ.

ಎರಡನ್ನೂ ಬೇರೆ ಮಾಡಲು ನಿನಗೊಂದು ದಾರಿ ಹೇಳುತ್ತೇನೆ. ಒಂದೇ ಗಾತ್ರದ ಪುಡಿಯಲ್ಲಿ ಕೆಲಸ ಮಾಡಬೇಡ. ನಾಲ್ಕೈದು ಗಾತ್ರಗಳನ್ನು ಮಾಡು. ಬದಲಾವಣೆ ಹಿಂದಕ್ಕೂ ಮುಂದಕ್ಕೂ ನಡೆಯುವಂಥದ್ದಾದರೆ ಪ್ರತಿಯೊಂದನ್ನೂ ಶಾಖದ ಹರಿವನ್ನು ಅಳೆಯುವ ಡಿಎಸ್‌ಸಿ ಯಂತ್ರದಲ್ಲಿ ಕಾಯಿಸು, ತಣಿಸು, ಎರಡೂ ತಾಪಮಾನ ಬರೆದುಕೋ. ಗಾತ್ರ ಇಳಿದಂತೆ ಎರಡರ ನಡುಬಿಂದುವೇ ಜಾರಿದರೆ, ಮತ್ತು ಗಾತ್ರದ ವಿಲೋಮದ ಎದುರು ಅದನ್ನು ಗುರುತಿಸಿದಾಗ ನೇರ ಗೆರೆ ಬಂದರೆ, ಮೇಲ್ಮೈ ಶಕ್ತಿಯ ಕಡೆ ನೋಡು. ನಡುಬಿಂದು ಅಲ್ಲೇ ನಿಂತು ಅಂತರ ಮಾತ್ರ ಅಗಲವಾದರೆ ಅದು ಆರಂಭದ ತೊಡಕು. ಎರಡೂ ಬೆರೆತೂ ಬರುತ್ತವೆ. ಬೆರೆತಿದೆ ಎಂದೇ ಬರೆ. ಕಾಯಿಸುವಾಗ ಮಾತ್ರ ಅಳೆದು ತಣಿಸುವಾಗ ಯಂತ್ರ ನಿಲ್ಲಿಸಿ ಮನೆಗೆ ಹೋಗುವ ಅಭ್ಯಾಸ ಎಷ್ಟೋ ಲ್ಯಾಬುಗಳಲ್ಲಿದೆ. ನೀನು ಅದನ್ನು ರೂಢಿಸಿಕೊಳ್ಳಬೇಡ.

ಬೇರಿಯಂ ಟೈಟನೇಟ್ ಮೇಲೆ ಕೆಲಸ ಮಾಡುವ ನಿನ್ನ ಗೆಳತಿಗೂ ಒಂದು ಮಾತು ಮುಟ್ಟಿಸು. ಅದರ ದೊಡ್ಡ ಹರಳು ಸುಮಾರು 120 ಡಿಗ್ರಿಯವರೆಗೆ ಟೆಟ್ರಗೋನಲ್ ಆಗಿದ್ದು ಆಮೇಲೆ ಕ್ಯೂಬಿಕ್ ಆಗುತ್ತದೆ. ಸಣ್ಣ ಹರಳು ಕೋಣೆಯ ತಾಪಮಾನದಲ್ಲೇ ಕ್ಯೂಬಿಕ್ ಆಗಿ ಕಾಣುತ್ತದೆ, ಅದರ ಫೆರೋವಿದ್ಯುತ್ ಗುಣವೂ ಕುಂದುತ್ತದೆ. ಫೋನಿನೊಳಗಿನ ಕೆಪಾಸಿಟರುಗಳ ಪದರ ತೆಳುವಾದಂತೆ ತಯಾರಕರ ತಲೆನೋವೂ ಇದೇ. ಈ ಗಡಿಯ ಗಾತ್ರವೆಂದು ಬೇರೆ ಬೇರೆಯವರು ಹತ್ತಾರು ನ್ಯಾನೋಮೀಟರಿನಿಂದ ನೂರು ದಾಟುವವರೆಗೂ ಅಂಕಿಗಳನ್ನು ಕೊಟ್ಟಿದ್ದಾರೆ. ಒತ್ತಡದ ಬಿಸಿನೀರಿನಲ್ಲಿ ತಯಾರಿಸಿದ ಪುಡಿಗಳಲ್ಲಿ ಹರಳಿನೊಳಗೇ ಹೈಡ್ರಾಕ್ಸಿಲ್ ಸಿಕ್ಕಿಕೊಂಡಿರುತ್ತದೆ. ಕ್ಯೂಬಿಕ್ ಆಗಿ ಕಾಣಲು ಅದೂ ಕಾರಣವಾಗಬಹುದು. ಗಾತ್ರದ ಮೇಲೆ ಎಲ್ಲ ಭಾರ ಹೊರಿಸುವ ಮುನ್ನ ನೀರನ್ನು ವಿಚಾರಿಸಬೇಕು. ಇನ್ನೊಂದು, ಹರಳು ಚಿಕ್ಕದಾದಾಗ ಎಕ್ಸ್‌ಆರ್‌ಡಿಯ ಪೀಕುಗಳು ಅಗಲವಾಗಿ ಒಂದರೊಳಗೊಂದು ಕರಗುತ್ತವೆ. ಟೆಟ್ರಗೋನಲ್ ಜೋಡಿ ಪೀಕು ಒಂದೇ ಕ್ಯೂಬಿಕ್ ಪೀಕಿನಂತೆ ಕಂಡುಬಿಡುತ್ತದೆ. ಜಿರ್ಕೋನಿಯಾದಲ್ಲೂ ಈ ಮೋಸ ಇದೆ. ಅಂಥ ಕಡೆ ರಾಮನ್ ರೋಹಿತ ತೆಗೆಸದೆ ಕ್ಯೂಬಿಕ್ ಎಂದು ಬರೆಯಬೇಡ. ರಾಮನ್ ಅವರು ಬಾಳಿ ದುಡಿದ ಬೆಂಗಳೂರಿನಲ್ಲೇ ಇದ್ದುಕೊಂಡು ಆ ಯಂತ್ರವನ್ನು ಬಳಸದಿರುವುದು ಸರಿಯಲ್ಲ.

ಗಾತ್ರ ಅಳೆಯುವ ಬಗ್ಗೆ. ಷೆರರ್ 1918ರಲ್ಲಿ ಕೊಟ್ಟ ಸೂತ್ರ ನಿನಗೆ ಗೊತ್ತು, ಪೀಕು ಅಗಲವಾದಷ್ಟೂ ಹರಳು ಚಿಕ್ಕದು. ಪೀಕನ್ನು ಯಂತ್ರವೂ ಅಗಲ ಮಾಡುತ್ತದೆ, ಹರಳಿನೊಳಗಿನ ಬಿಗಿತವೂ ಅಗಲ ಮಾಡುತ್ತದೆ; ಎರಡನ್ನೂ ಕಳೆಯದೆ ಬಂದ ಅಂಕಿಗೆ ಬೆಲೆಯಿಲ್ಲ. ನೂರು ನ್ಯಾನೋಮೀಟರ್ ಮೀರಿದ ಮೇಲೆ ಆ ಸೂತ್ರವನ್ನು ನಂಬಬೇಡ. ಸೂಕ್ಷ್ಮದರ್ಶಕದಲ್ಲಿ ಒಂದು ಮೈಕ್ರಾನ್ ಉಂಡೆ ಕಂಡಿತೆಂದು ಹರಳು ಒಂದು ಮೈಕ್ರಾನ್ ಎಂದೂ ಬರೆಯಬೇಡ, ಅದರೊಳಗೆ ಲಕ್ಷಗಟ್ಟಲೆ ಹರಳುಗಳು ಅಂಟಿಕೊಂಡಿರಬಹುದು. ಟೆಟ್ರಗೋನಲ್ ಜಿರ್ಕೋನಿಯಾವನ್ನು ಅಗೇಟ್ ಮಾರ್ಟರಿನಲ್ಲಿ ಜೋರಾಗಿ ಅರೆಯಲೇಬೇಡ. ಅರೆಯುವ ಒತ್ತಡಕ್ಕೇ ಅದು ಮಾನೋಕ್ಲಿನಿಕ್ ಆಗಬಲ್ಲದು. ಹಾಗಾದರೆ ನೀನು ಅಳೆಯುವುದು ಕುಲುಮೆಯ ಫಲವನ್ನಲ್ಲ, ನಿನ್ನ ಕೈಯ ಬಲವನ್ನು.

ಕುಲುಮೆಯ ಮೀಟರನ್ನೂ ಪೂರ್ತಿ ನಂಬಬೇಡ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲ್ ಅವರು ಕಿಂಗ್ಸ್‌ಲಿ ಜೊತೆ 1988ರಲ್ಲಿ ಪ್ರಕಟಿಸಿದ ದಹನ ವಿಧಾನ ನಿನ್ನ ಲ್ಯಾಬಿನಲ್ಲೂ ಬಳಕೆಯಲ್ಲಿದೆ. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿ ಕುಲುಮೆಯಲ್ಲಿಟ್ಟರೆ ಕುದಿದು, ನೊರೆಯುಕ್ಕಿ, ಜ್ವಾಲೆ ಎದ್ದು, ಕೆಲವೇ ನಿಮಿಷಗಳಲ್ಲಿ ಆಲ್ಫಾ ಅಲ್ಯೂಮಿನಾ ಸಿಗುತ್ತದೆ. ಸಾಮಾನ್ಯವಾಗಿ 1100 ಡಿಗ್ರಿ ದಾಟಿದ ಮೇಲೆ ಬರಬೇಕಾದ ರೂಪ ಅದು. ಮೀಟರ್ 500 ತೋರಿಸುತ್ತಿತ್ತು ನಿಜ. ಆ ಕ್ಷಣಕ್ಕೆ ಜ್ವಾಲೆಯೊಳಗಿದ್ದ ಹರಳು ಕಂಡ ಬಿಸಿ ಬೇರೆ. ಅಷ್ಟು ಸರಳ ಸಾಮಗ್ರಿಯಿಂದ ಬೆಂಗಳೂರಿನಲ್ಲಿ ಹುಟ್ಟಿದ ವಿಧಾನವನ್ನು ಜಗತ್ತಿನ ಲ್ಯಾಬುಗಳು ಬಳಸುತ್ತಿವೆ ಎಂಬುದು ನನಗೆ ಹೆಮ್ಮೆ.

ಇಷ್ಟು ಸೂಕ್ಷ್ಮ ಏಕೆ ಎಂದು ಬೇಸರಪಡಬೇಡ. ದಂತವೈದ್ಯರು ಕೂರಿಸುವ ಬಿಳಿ ಕಿರೀಟಗಳಲ್ಲಿ ಹಲವು ಇದೇ ಜಿರ್ಕೋನಿಯಾ, ಶೇಕಡಾ 3 ಮೋಲ್‌ನಷ್ಟು ಇಟ್ರಿಯಾ ಬೆರೆಸಿದ್ದು. ಅದರಲ್ಲಿ ಕಣದ ಗಾತ್ರ 30 ನ್ಯಾನೋಮೀಟರ್ ಅಲ್ಲ, ಕೆಲವು ನೂರು ನ್ಯಾನೋಮೀಟರ್. ಇಟ್ರಿಯಾ ಇರುವುದರಿಂದಲೂ ಅಕ್ಕಪಕ್ಕದ ಕಣಗಳು ಒತ್ತಿ ಹಿಡಿದಿರುವುದರಿಂದಲೂ ಗಡಿ ಅಷ್ಟು ಮೇಲಕ್ಕೆ ಹೋಗಿದೆ. ಬಿರುಕು ಮುಂದೆ ಸಾಗಲು ಬಂದಾಗ ಅದರ ತುದಿಯಲ್ಲಿರುವ ಟೆಟ್ರಗೋನಲ್ ಕಣಗಳು ಮಾನೋಕ್ಲಿನಿಕ್ ಆಗಿ ಹಿಗ್ಗಿ ಬಿರುಕನ್ನು ಅದುಮುತ್ತವೆ. ಬಿಲ್ಲೆಯನ್ನು ಚೂರು ಮಾಡುತ್ತಿದ್ದ ಹಿಗ್ಗುವಿಕೆಯೇ ಇಲ್ಲಿ ಕಾಯುತ್ತದೆ. 1975ರಲ್ಲಿ ಆಸ್ಟ್ರೇಲಿಯಾದಿಂದ ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಇದನ್ನು ಪ್ರಕಟಿಸಿದಾಗ ಇದನ್ನು ಸೆರಾಮಿಕ್ ಉಕ್ಕು ಎನ್ನಬಹುದೇ ಎಂದು ಶೀರ್ಷಿಕೆಯಲ್ಲೇ ಕೇಳಿದ್ದರು.

ಆದರೆ ಕಣ ದೊಡ್ಡದಾದರೆ ಈ ಕಾವಲು ಮುರಿಯುತ್ತದೆ. ತೇವವಿದ್ದು ಸುಮಾರು 200–300 ಡಿಗ್ರಿ ಇದ್ದರೆ ಈ ಪದಾರ್ಥ ಮೇಲ್ಮೈಯಿಂದ ಒಳಕ್ಕೆ ತಾನಾಗಿ ಮಾನೋಕ್ಲಿನಿಕ್ ಆಗುತ್ತಾ ಹೋಗುತ್ತದೆ ಎಂದು 1981ರಲ್ಲಿ ಜಪಾನಿನ ಕೊಬಯಾಶಿ ಮತ್ತು ಸಂಗಡಿಗರು ತೋರಿಸಿದರು. ಮೈಯ ಬಿಸಿಯಲ್ಲಿ ಅದು ಬಹಳ ನಿಧಾನ, ಆದರೆ ಇಲ್ಲವೆಂದಲ್ಲ. 2001ರ ಹೊತ್ತಿಗೆ ಸೊಂಟದ ಕೀಲಿಗೆ ಹಾಕಿದ್ದ ಜಿರ್ಕೋನಿಯಾ ಗೋಲಗಳಲ್ಲಿ ಕೆಲವು ಬ್ಯಾಚಿನವು ರೋಗಿಗಳ ಮೈಯೊಳಗೇ ಒಡೆದವು. ಸುಡುವ ಕುಲುಮೆಯನ್ನು ಬದಲಿಸಿದ್ದು ಅದರ ಹಿಂದಿತ್ತು. ಮತ್ತೆ ಶಸ್ತ್ರಚಿಕಿತ್ಸೆಗೆ ಮಲಗಬೇಕಾಗಿ ಬಂದವರ ನೋವು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಇವತ್ತು ಇಂಥ ಜಿರ್ಕೋನಿಯಾವನ್ನು ಹಬೆಯಲ್ಲಿ 134 ಡಿಗ್ರಿಯಲ್ಲಿ ಐದು ಗಂಟೆ ಇಟ್ಟು ಎಷ್ಟು ಬದಲಾಯಿತು ಎಂದು ಪರೀಕ್ಷಿಸುವ ಕಟ್ಟಳೆ ಇದೆ.

ಈಗ ನಿನ್ನ ಪುಡಿ. ಅದನ್ನು ಮೂರು ಪಾಲು ಮಾಡು. ಒಂದನ್ನು ಒಣ ಡೆಸಿಕೇಟರಿನಲ್ಲಿ ಮುಚ್ಚಿಡು, ಇನ್ನೊಂದನ್ನು ಮಳೆಗಾಲ ಮುಗಿಯುವ ತನಕ ತೆರೆದ ಬಟ್ಟಲಿನಲ್ಲಿ ಬಿಡು. ಮೂರನೆಯದನ್ನು ಮೂಸೆಗಳಲ್ಲಿ ಹಂಚಿ 500, 600, 700, 800 ಡಿಗ್ರಿಗಳಲ್ಲಿ ಸುಟ್ಟು, ಪ್ರತಿಯೊಂದರ ಹರಳಿನ ಗಾತ್ರವನ್ನೂ ಅದರಲ್ಲಿರುವ ಮಾನೋಕ್ಲಿನಿಕ್ ಪಾಲನ್ನೂ ಒಂದೇ ಹಾಳೆಯಲ್ಲಿ ಬರೆ. ಮೊದಲೆರಡು ಪಾಲುಗಳ ಎಕ್ಸ್‌ಆರ್‌ಡಿ ಮತ್ತು ರಾಮನ್ ರೋಹಿತವನ್ನು ದಸರೆ ಕಳೆದ ಮೇಲೆ ಮತ್ತೆ ತೆಗೆಸಿ, ಮೂಲ ಕಡತಗಳನ್ನೇ ನನಗೆ ಕಳಿಸು.

ನಿನ್ನ ದೊಡ್ಡಪ್ಪ